ವಿಜಯಪುರ, ಕಲಬುರಗಿ, ಬೀದರ: ಮೂರೇ ದಿನ ಇದೆ, ಯಾವ ಊರನ್ನು ಬಿಡಲಿ?

ರಾಗಿಗುಡ್ಡ:
ಡಿಸೆಂಬರ್‌ನಲ್ಲಿ ಒಂದು ಶುಕ್ರವಾರ, ಶನಿವಾರ, ಭಾನುವಾರ ಕೈಗೆ ಸಿಕ್ಕಿವೆ. ಗುರುವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ಬೆಳಗ್ಗೆ ಮರಳಬೇಕು. ಹತ್ತು ಗಂಟೆಗೆ ನಾನು ಕಚೇರಿಯಲ್ಲಿರಲೇಬೇಕು. ಹೊರಡುವವರು ನಾಲ್ಕು ಜನ: ನಾನು, ಹೆಂಡತಿ, ಏಳನೆಯ ತರಗತಿಯ ಮಗಳು, ಎಪ್ಪತ್ತಾರರ ಅಪ್ಪ. ಅಪ್ಪನಿಗೆ ಮಂಡಿನೋವು. ಸಮತಟ್ಟಾದ ನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮುಖ ತಿರುಗಿಸುತ್ತಾರೆ.

ಮಗಳ ಪಾಠದಲ್ಲಿ ಬಹಮನಿ ಸುಲ್ತಾನರು ಬಂದಿದ್ದಾರೆ. ಅಲ್ಲಿಂದ ಶುರುವಾಯಿತು. ಭೂಪಟ ಬಿಡಿಸಿ ನೋಡಿದರೆ ಮೂರೂ ಊರುಗಳು ಬಸ್ ನಿಲ್ದಾಣದಲ್ಲಿ ಸಾಲಾಗಿ ಕುಳಿತವರಂತೆ ಕಾಣುತ್ತವೆ. ವಿಜಯಪುರದಿಂದ ಕಲಬುರಗಿಗೆ ಸುಮಾರು 160 ಕಿ.ಮೀ., ಅಲ್ಲಿಂದ ಬೀದರಿಗೆ 110ರ ಆಸುಪಾಸು. ದಿನಕ್ಕೊಂದು ಊರು ಎಂದು ನಾನು ಲೆಕ್ಕ ಹಾಕಿದೆ. "ನೀವು ಊರು ನೋಡುವುದಿಲ್ಲ, ಹಾಜರಿ ಹಾಕಿ ಬರುತ್ತೀರಿ" ಎಂದಳು ಹೆಂಡತಿ. ಹೋಗಿಬಂದವರು, ಆ ಊರಿನವರು ಸ್ವಲ್ಪ ಹೇಳಿ. ಮೂರೂ ಆಗುತ್ತದೆಯೇ? ಆಗದಿದ್ದರೆ ಯಾವುದನ್ನು ಬಿಡಬೇಕು?

ಮೂರೂ ಮುಗಿಸಿದವನು:
ಆಗದೆ ಏನು? ನಾನು ಎರಡು ವರ್ಷದ ಹಿಂದೆ ಗೆಳೆಯರ ಜೊತೆ ಮಾಡಿದ್ದೇನೆ. ಮೊದಲ ದಿನ ವಿಜಯಪುರ, ಸಂಜೆ ಹೊರಟು ರಾತ್ರಿ ಕಲಬುರಗಿ. ಎರಡನೆಯ ದಿನ ಮಧ್ಯಾಹ್ನದವರೆಗೆ ಕಲಬುರಗಿ, ರಾತ್ರಿ ಬೀದರ. ಮೂರನೆಯ ದಿನ ಬೀದರ ಮುಗಿಸಿ ರೈಲು ಹತ್ತಿದೆವು. ಬಾಡಿಗೆ ಕಾರು ಇರಲಿ, ಬೆಳಗ್ಗೆ ಆರಕ್ಕೆ ಏಳುವ ಶಿಸ್ತು ಇರಲಿ, ಸಾಕು. ಜಗತ್ತಿನ ಅತಿ ದೊಡ್ಡ ಗುಮ್ಮಟವನ್ನು ಬಿಟ್ಟು ಬರುವುದೆಂದರೆ ಮದುವೆಗೆ ಹೋಗಿ ಊಟ ಮಾಡದೆ ಬಂದಂತೆ.

ನಿವೃತ್ತ ಮೇಷ್ಟರು:
ಊಟದ ವಿಷಯ ಒಪ್ಪುತ್ತೇನೆ, "ಜಗತ್ತಿನ ಅತಿ ದೊಡ್ಡ" ಎಂಬುದನ್ನು ಒಪ್ಪಲಾರೆ. ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್ 43 ಮೀಟರ್ ದಾಟುತ್ತದೆ, ಅದೂ ಹದಿನೈದು ಶತಮಾನ ಮೊದಲೇ ಕಟ್ಟಿದ್ದು. ಮೂವತ್ತು ವರ್ಷ ತರಗತಿಯಲ್ಲಿ ಈ ಮಾತನ್ನು ತಿದ್ದಿದ್ದೇನೆ, ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳು ಅದನ್ನೇ ಹೊತ್ತು ತರುತ್ತಿದ್ದರು. ಗೋಳಗುಮ್ಮಟದ ಹೆಚ್ಚುಗಾರಿಕೆ ಅಳತೆಯಲ್ಲಿಲ್ಲ. ಕೆಳಗಿನ ಚೌಕ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಬೇಕಲ್ಲ, ಅದಕ್ಕಾಗಿ ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಎಂಟು ಕಮಾನುಗಳನ್ನು ಎಬ್ಬಿಸಿದ್ದಾರೆ. ನಡುವೆ ಒಂದೂ ಕಂಬವಿಲ್ಲ. ನಿಮ್ಮ ತಂದೆ ಏನು ಕೆಲಸದಲ್ಲಿದ್ದರು? ಕಟ್ಟಡದ ಆಸಕ್ತಿ ಇದ್ದವರಾದರೆ ಇದನ್ನು ಕೆಳಗೆ ನಿಂತೇ ನೋಡಬೇಕು, ಮೇಲೆ ಹತ್ತಬೇಕಾಗಿಲ್ಲ.

ರಾಗಿಗುಡ್ಡ:
ಸರಿಯಾಗಿ ಹಿಡಿದಿರಿ ಮೇಷ್ಟರೇ. ಅಪ್ಪ ಎಂಜಿನಿಯರ್ ಆಗಿದ್ದವರು, ಸೇತುವೆ ಕೆಲಸ. ಈಗಲೂ ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಮೊದಲು ತೊಲೆಯ ಕೆಳಗೆ ಬಿರುಕು ಇದೆಯೇ ಎಂದು ನೋಡುತ್ತಾರೆ. ಆಮೇಲೆ ಊಟ.

ಕಿಟಕಿ ಪಕ್ಕದ ಸೀಟು:
ನೀವು ಭೂಪಟದಲ್ಲಿ ನೋಡಿದ ಸಾಲು ರೈಲಿಗೆ ಗೊತ್ತಿಲ್ಲ. ವಿಜಯಪುರ ಇರುವುದು ಗದಗ–ಹೋಟಗಿ ಮಾರ್ಗದಲ್ಲಿ. ಕಲಬುರಗಿ ಇರುವುದು ಮುಂಬೈ ಕಡೆಯಿಂದ ಸೊಲ್ಲಾಪುರ, ವಾಡಿ ಹಾಯ್ದು ಬರುವ ದೊಡ್ಡ ಮಾರ್ಗದಲ್ಲಿ. ಒಂದರಿಂದ ಇನ್ನೊಂದಕ್ಕೆ ರೈಲಿನಲ್ಲಿ ಹೋಗಬೇಕಾದರೆ ಉತ್ತರಕ್ಕೆ ಹೋಟಗಿಯವರೆಗೆ ಏರಿ, ಅಲ್ಲಿಂದ ತಿರುಗಿ ಆಗ್ನೇಯಕ್ಕೆ ಇಳಿಯಬೇಕು. ಬಸವ ಎಕ್ಸ್‌ಪ್ರೆಸ್ ಹೀಗೇ ಸುತ್ತು ಹಾಕುತ್ತದೆ. ರಸ್ತೆಯ 160 ಕಿ.ಮೀ. ಹಳಿಯ ಮೇಲೆ ಹತ್ತಿರ ಹತ್ತಿರ ಇನ್ನೂರಾಗುತ್ತದೆ. ಹಾಗಾಗಿ ಆ ತುಂಡಿಗೆ ಬಸ್ಸೋ ಕಾರೋ ಗತಿ, ಸಿಂದಗಿ, ಜೇವರ್ಗಿ ಮೇಲೆ ಭೀಮಾ ನದಿ ದಾಟಿ. ಮೂರೂವರೆ ಗಂಟೆ ಹಿಡಿದುಕೊಳ್ಳಿ, ಅಪ್ಪನವರು ನಡುವೆ ಇಳಿದು ಕಾಲು ನೀಡಿಕೊಂಡರೆ ನಾಲ್ಕು.

ಬೀದರ–ಕಲಬುರಗಿಯ ಕಥೆಯೇ ಬೇರೆ. 2017ರಲ್ಲಿ ನೇರ ರೈಲು ಮಾರ್ಗ ಶುರುವಾಯಿತು, ಹುಮನಾಬಾದ್, ಕಮಲಾಪುರದ ಮೇಲೆ. ದಾರಿಯಲ್ಲಿ ಮರಗುತ್ತಿಯ ಹತ್ತಿರ ಒಂದೂವರೆ ಕಿಲೋಮೀಟರ್ ಮೀರಿದ ಸುರಂಗವಿದೆ. ಅದಕ್ಕೂ ಮೊದಲು ಬೀದರಿನವರು ರೈಲಿನಲ್ಲಿ ತಮ್ಮ ವಿಭಾಗ ಕೇಂದ್ರವಾದ ಕಲಬುರಗಿಗೆ ಬರಬೇಕಾದರೆ ಈಗಿನ ತೆಲಂಗಾಣದ ನೆಲವನ್ನು ಸುತ್ತಿ ಬರಬೇಕಿತ್ತು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಹಳಿಯೇ ಉತ್ತರ ಕೊಟ್ಟಿದೆ: ಬೀದರ ಮತ್ತು ಕಲಬುರಗಿ ಒಂದು ಜೋಡಿ. ವಿಜಯಪುರಕ್ಕೆ ಜೋಡಿ ಬಾದಾಮಿ, ಎರಡೂ ಒಂದೇ ಮಾರ್ಗದಲ್ಲಿವೆ. ಗಾಡಿಗಳ ವೇಳೆ ಬದಲಾಗುತ್ತಿರುತ್ತದೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಮೂರೂ ಮುಗಿಸಿದವನು:
ಪ್ರವಾಸವನ್ನು ರೈಲ್ವೆ ವೇಳಾಪಟ್ಟಿ ನಿರ್ಧರಿಸಬೇಕೇ? ಕಾರಿನಲ್ಲಿ ಹೋದರೆ ಈ ಹೋಟಗಿಯ ಗೋಜೇ ಇಲ್ಲ.

ನಿವೃತ್ತ ಮೇಷ್ಟರು:
ವೇಳಾಪಟ್ಟಿ ಬೇಡವೆಂದರೆ ಇತಿಹಾಸವನ್ನೇ ಕೇಳೋಣ, ಅದೂ ಇದೇ ಜೋಡಿಯನ್ನು ಹೇಳುತ್ತದೆ. 1347ರಲ್ಲಿ ಅಲ್ಲಾವುದ್ದೀನ್ ಹಸನ್ ದೆಹಲಿಯ ಹಿಡಿತ ಕಿತ್ತುಕೊಂಡು ಬಹಮನಿ ರಾಜ್ಯ ಕಟ್ಟಿದ. ಕಲಬುರಗಿ ಅದರ ರಾಜಧಾನಿಯಾಯಿತು. ಮುಂದಿನ ಶತಮಾನದಲ್ಲಿ ಅಹಮದ್ ಶಾಹ ಗದ್ದುಗೆಯನ್ನು ಬೀದರಿಗೆ ಒಯ್ದ. ಒಂದೇ ಮನೆತನ, ಎರಡು ಮನೆ. ಮೊದಲ ಮನೆಯಲ್ಲಿ ದಪ್ಪ ಗೋಡೆ, ಒರಟು ಕಲ್ಲು, ದೆಹಲಿಯ ತುಘಲಕರ ನೆರಳು. ಎರಡನೆಯದರಲ್ಲಿ ಪರ್ಷಿಯಾದಿಂದ ಬಂದ ಬಣ್ಣದ ಹಂಚು, ಮುತ್ತಿನ ಚಿಪ್ಪು. ಈ ಬದಲಾವಣೆ ನಿಮ್ಮ ಮಗಳಿಗೆ ಕಣ್ಣಿಗೇ ಕಾಣುತ್ತದೆ, ಪಾಠದ ಪುಸ್ತಕ ಬೇಕಾಗಿಲ್ಲ.

ವಿಜಯಪುರ ಆ ಮನೆ ಒಡೆದ ಮೇಲಿನ ಪಾಲು. ಐದು ಪಾಲಾಯಿತಲ್ಲ, ಅದರಲ್ಲಿ ಆದಿಲ್‌ಶಾಹಿಗಳದು ದೊಡ್ಡದು. ಬೀದರಿನ ಮದರಸಾ ಕಟ್ಟಿದಾಗ 1472. ಗೋಳಗುಮ್ಮಟದ ಒಡೆಯ ಮಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656. ನಡುವೆ 184 ವರ್ಷ. ಅಷ್ಟನ್ನು ಒಂದು ಮಧ್ಯಾಹ್ನದ ಕಾರು ಪ್ರಯಾಣದಲ್ಲಿ ದಾಟಿಸಿದರೆ ಮಗುವಿನ ತಲೆಯಲ್ಲಿ ಎಲ್ಲ ಸುಲ್ತಾನರೂ ಒಬ್ಬನೇ ಆಗಿಬಿಡುತ್ತಾರೆ.

ಮೂರೂ ಮುಗಿಸಿದವನು:
ಮೇಷ್ಟರೇ, ಮಗುವಿನ ಮಾತು ಬಿಡಿ. ನಿಜ ಹೇಳಿಬಿಡುತ್ತೇನೆ, ನಿನ್ನೆ ನಿಮ್ಮ ಮಾತು ಓದಿ ನನ್ನ ಹಳೆಯ ಫೋಟೊ ತೆಗೆದು ನೋಡಿದೆ. ಆರುನೂರು ಚಿಲ್ಲರೆ ಇವೆ. ಒಂದು ಗುಮ್ಮಟದ ಮುಂದೆ ನಾನು ಕೈ ಕಟ್ಟಿಕೊಂಡು ನಿಂತಿದ್ದೇನೆ. ಅದು ಕಲಬುರಗಿಯದೋ ಬೀದರಿನದೋ ನನಗೂ ಗೊತ್ತಾಗಲಿಲ್ಲ, ಜೊತೆಗಿದ್ದ ಗೆಳೆಯನಿಗೂ ಗೊತ್ತಾಗಲಿಲ್ಲ. ಅಂಗಿ ನೋಡಿ ಎರಡನೆಯ ದಿನ ಇರಬೇಕು ಎಂದು ತೀರ್ಮಾನಿಸಿದೆವು.

ತಾಜ್ ಬಾವಡಿ ಪಕ್ಕದ ಮನೆ:
ವಿಜಯಪುರದವನು ನಾನು. ಎಲ್ಲರೂ ನನ್ನ ಊರಿನ ಹಣೆಬರಹ ಬರೆಯುತ್ತಿರುವಾಗ ಸುಮ್ಮನಿರಲು ಆಗುತ್ತಿಲ್ಲ. ರಾಗಿಗುಡ್ಡದವರೇ, ಈ ಸಲ ನಮ್ಮೂರಿಗೆ ಬರಬೇಡಿ.

ಸಿಟ್ಟಿನಿಂದ ಹೇಳುತ್ತಿಲ್ಲ. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ತಿಂಗಳು. ಬೆಳಗ್ಗೆ ಹತ್ತಕ್ಕೆ ಗೋಳಗುಮ್ಮಟದ ಮುಂದೆ ಬಸ್ಸುಗಳ ಸಾಲು. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಾನೂರು ಮಕ್ಕಳು ಒಟ್ಟಿಗೆ "ಹೋ" ಎನ್ನುತ್ತಾರೆ, ಅದು ಏಳೆಂಟು ಸಲ ಮರಳಿ ಬರುತ್ತದೆ. ಅಲ್ಲಿ ಪಿಸುಗುಟ್ಟುವವನೂ ಇಲ್ಲ, ಕೇಳುವವನೂ ಇಲ್ಲ. ಅದರ ನಿಜವಾದ ಚಮತ್ಕಾರ ಬೇಕಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಒಬ್ಬರು ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತನಾಡಿದರೆ ಎದುರು ಬದಿಯಲ್ಲಿ ಕಿವಿ ಇಟ್ಟವರಿಗೆ ಹೆಗಲ ಮೇಲಿಂದ ಹೇಳಿದಂತೆ ಕೇಳುತ್ತದೆ. ನನ್ನ ಮಗ ಐದು ವರ್ಷದವನಿದ್ದಾಗ ಕೈಗಡಿಯಾರ ಬಿಚ್ಚಿ ಗೋಡೆಗೆ ಹಿಡಿದಿದ್ದ, ಆಚೆ ಬದಿಯಲ್ಲಿ ಅದರ ಟಿಕ್‌ಟಿಕ್ ನನಗೆ ಕೇಳಿತ್ತು. ಆದರೆ ಅಲ್ಲಿಗೆ ಹೋಗಲು ಮೂಲೆಯ ಗೋಪುರದೊಳಗೆ ಏಳು ಅಂತಸ್ತು ಹತ್ತಬೇಕು. ಇಕ್ಕಟ್ಟಾದ, ಕಡಿದಾದ ಮೆಟ್ಟಿಲು. ನಿಮ್ಮ ಅಪ್ಪಾರಿಗೆ ಅದು ಆಗುವ ಮಾತಲ್ಲ.

ಇನ್ನೊಂದು, ನಮ್ಮೂರಿಗೆ ಬರುವ ಜನ ಗೋಳಗುಮ್ಮಟಕ್ಕೆ ಬಂದು ಗೋಳಗುಮ್ಮಟದಿಂದಲೇ ಹೋಗುತ್ತಾರೆ. ಇಬ್ರಾಹಿಂ ಆದಿಲ್‌ಶಾಹನ ಸಮಾಧಿಯಾದ ಇಬ್ರಾಹಿಂ ರೋಜಾಕ್ಕೆ ಎರಡು ಗಂಟೆ ಕೊಡದವರ ಮೇಲೆ ನನಗೆ ಕನಿಕರ. ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಅಕ್ಷರಗಳನ್ನಾಗಿಸಿದ್ದಾರೆ, ಆ ಅಕ್ಷರಗಳ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ಮಲಿಕ್-ಎ-ಮೈದಾನ್ ತೋಪಿನ ಬಾಯಲ್ಲಿ ಆನೆಯೊಂದನ್ನು ನುಂಗುತ್ತಿರುವ ಸಿಂಹವಿದೆ. ಐವತ್ತೈದು ಟನ್ ತೂಕದ ಆ ತೋಪನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಸವಾಲು ನೂರೈವತ್ತು ರೂಪಾಯಿ. ಪುಣ್ಯಕ್ಕೆ ಆ ಹರಾಜು ರದ್ದಾಯಿತು. ಬಾರಾ ಕಮಾನಿದೆ, ಜುಮ್ಮಾ ಮಸೀದಿಯಿದೆ, ನಮ್ಮ ಮನೆಯ ಪಕ್ಕದ ಬಾವಡಿಯಿದೆ. ಇಷ್ಟಕ್ಕೂ ಅರ್ಧ ದಿನ ಕೊಡುತ್ತೇನೆ ಎಂದರೆ, ದಯವಿಟ್ಟು ಬೇಡ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ, ಆಗ ಬನ್ನಿ, ಬಾದಾಮಿ ಜೊತೆಗೆ ನಾಲ್ಕು ದಿನ ಇಟ್ಟುಕೊಂಡು ಬನ್ನಿ. ಶುಕ್ರವಾರ ಮಾತ್ರ ಬರಬೇಡಿ, ಗೋಳಗುಮ್ಮಟದ ಎದುರಿನ ಮ್ಯೂಸಿಯಂಗೆ ಅಂದು ರಜೆ.

ರಾಗಿಗುಡ್ಡ:
ತಮ್ಮ ಊರಿಗೆ ಬರಬೇಡಿ ಎಂದು ಇಷ್ಟು ಪ್ರೀತಿಯಿಂದ ಹೇಳಿದವರನ್ನು ನಾನು ಕಂಡಿಲ್ಲ. ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಎಂಟು ಕಮಾನಿನ ವಿಷಯ ಕೇಳಿದ ಮೇಲೆ ಅವರು ವಿಜಯಪುರವೇ ಬೇಕೆಂದು ಹಟ ಹಿಡಿದಿದ್ದರು. "ಅರ್ಧ ದಿನದಲ್ಲಿ ಬೇಡ" ಎಂಬ ಮಾತಿಗೆ ಒಪ್ಪಿದರು.

ಸೊಲ್ಲಾಪುರದ ಸೊಸೆ:
ಬಾದಾಮಿಯ ಹೆಸರು ಬಂತಲ್ಲ, ಹಾಗಾದರೆ ಈ ಸಲವೇ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮಾಡಿಬಿಡಬಹುದಲ್ಲವೇ? ಮೂರೂ ಹತ್ತಿರ ಹತ್ತಿರ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಂದೇ ಹೋಟೆಲಿನಲ್ಲಿ ಚೀಲ ಇಟ್ಟು ಮೂರು ದಿನ ನೋಡಬಹುದು.

ಕಿಟಕಿ ಪಕ್ಕದ ಸೀಟು:
ಬಾದಾಮಿಯ ಗುಹೆಗಳಿಗೂ ಮೆಟ್ಟಿಲಿದೆ ಅಕ್ಕ. ಮಂಗಳೇಶನ ಕಾಲದ ಮೂರನೆಯ ಗುಹೆಯವರೆಗೆ ಹೋಗದೆ ಬಂದರೆ ಬಾದಾಮಿಗೆ ಹೋದಂತಾಗುವುದಿಲ್ಲ. ಜೊತೆಗೆ ಅಲ್ಲಿ ಕೋತಿಗಳ ಕಾಟ.

ನೌಬಾದಿನ ಹುಡುಗಿ:
ಬೀದರಿನವರು ಕೊನೆಗೆ ಬಾಯಿ ಬಿಡುತ್ತಾರೆ, ಅದು ನಮ್ಮ ಅಭ್ಯಾಸ. ರಾಜ್ಯದ ತುದಿಯಲ್ಲಿದ್ದೇವೆ, ನಮ್ಮನ್ನು ಯಾರು ಕೇಳುತ್ತಾರೆ ಎಂಬ ಹಳೆಯ ಮುನಿಸು. ಆದರೆ ಈ ಚರ್ಚೆಯಲ್ಲಿ ನನಗೆ ಖುಷಿಯಾಯಿತು.

ಕಾಕಾ ಅವರ ಮಂಡಿನೋವನ್ನು ಇಟ್ಟುಕೊಂಡೇ ಹೇಳುತ್ತೇನೆ. ಕೋಟೆ ದೊಡ್ಡದು, ಆದರೆ ವಾಹನ ಒಳಗಿನವರೆಗೂ ಹೋಗುತ್ತದೆ. ಕೋಟೆಗೆ ಹೋಗುವ ಮುಂಚೆ ಹೊರಗೆ ನಿಂತು ಕಂದಕ ನೋಡಿ. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮೂರು ಸಾಲಾಗಿ ತೋಡಿದ್ದಾರೆ, ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಉಳಿಸಿಕೊಂಡು. ನಮ್ಮ ನೆಲವೆಲ್ಲ ಅದೇ ಬಣ್ಣ, ಚಳಿಗಾಲದ ಸಂಜೆ ಐದಕ್ಕೆ ಇಡೀ ಕೋಟೆ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಒಳಗೆ ಸೋಲಾ ಖಂಬ ಮಸೀದಿ, ತರ್ಕಶ್ ಮಹಲ್, ಗಗನ್ ಮಹಲ್ ಇವೆ. ಆದರೆ ನೀವು ಬರುವುದು ರಂಗೀನ್ ಮಹಲಿಗಾಗಿ. ಅದಕ್ಕೆ ಬೀಗ ಹಾಕಿರುತ್ತಾರೆ. ಬಾಗಿಲು ಮುಚ್ಚಿದೆ ಎಂದು ಎಷ್ಟೋ ಜನ ಹಾಗೇ ವಾಪಸು ಹೋಗುತ್ತಾರೆ. ಕೋಟೆಯಲ್ಲಿರುವ ಪುರಾತತ್ತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ, ಬಾಯಿ ಬಿಟ್ಟು ಕೇಳಿ. ಒಳಗಿನ ಕೋಣೆಯ ಬಾಗಿಲ ಸುತ್ತ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಒಂದು ಹೆಜ್ಜೆ ಎಡಕ್ಕೆ ಇಟ್ಟರೆ ಅದು ಹಸಿರು, ಬಲಕ್ಕೆ ಇಟ್ಟರೆ ಗುಲಾಬಿ. ಮಗಳು ಅಲ್ಲಿಂದ ಏಳುವುದಿಲ್ಲ, ನೋಡಿ.

ಎರಡನೆಯ ದಿನ ಬೆಳಗ್ಗೆ ಅಷ್ಟೂರು, ಊರಿಂದ ಮೂರು ಕಿ.ಮೀ. ಬಹಮನಿ ಅರಸರ ಸಮಾಧಿಗಳು ಹೊಲದ ಅಂಚಿನಲ್ಲಿ ಸಾಲಾಗಿ ನಿಂತಿವೆ. ಸಮತಟ್ಟಾದ ನೆಲ, ಕಾಕಾ ಆರಾಮಾಗಿ ನಡೆಯಬಹುದು. ಅಹಮದ್ ಶಾಹ ವಲಿಯ ಸಮಾಧಿಯ ಒಳಗೆ ಗುಮ್ಮಟದ ತುಂಬ ಚಿತ್ರ, ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಿ, ಆಮೇಲೆ ಕೆಂಪು, ಚಿನ್ನದ ಬಣ್ಣ ಮೇಲಿನಿಂದ ಇಳಿದು ಬರುತ್ತದೆ. ಇವನನ್ನು ನಮ್ಮ ಕಡೆ ಮುಸ್ಲಿಮರು ವಲಿ, ಅಂದರೆ ಸಂತ, ಎನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭುವಿನ ರೂಪವೆನ್ನುತ್ತಾರೆ. ಇಲ್ಲಿನ ಉರುಸ್ ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರಬೇಕು, ಶಂಖ ಊದಬೇಕು. ನನ್ನ ಅಜ್ಜಿ ಅದನ್ನು "ಅಷ್ಟೂರು ಜಾತ್ರೆ" ಎಂದೇ ಕರೆಯುತ್ತಿದ್ದಳು. ಉರುಸ್ ಎಂಬ ಪದ ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ.

ನಿವೃತ್ತ ಮೇಷ್ಟರು:
ಮದರಸಾ ಬಿಟ್ಟೆಯಲ್ಲ ತಾಯಿ. ಮಹಮೂದ್ ಗವಾನ್ ಇರಾನಿನ ಗಿಲಾನದಿಂದ ಬಂದ ವ್ಯಾಪಾರಿ, ಬೀದರಿನಲ್ಲಿ ಪ್ರಧಾನಿಯಾದ. ಅವನು ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯ ಅದು. ಅವನ ಮುದ್ರೆ ಒತ್ತಿದ ಸುಳ್ಳು ಪತ್ರ ಸೃಷ್ಟಿಸಿ ಸುಲ್ತಾನನ ಕಿವಿ ಊದಿದರು. 1481ರಲ್ಲಿ ತಲೆ ಹಾರಿಸಿದರು. ಆ ಮೇಲೆ ಬಹಮನಿ ರಾಜ್ಯ ಎದ್ದು ನಿಲ್ಲಲಿಲ್ಲ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಕಟ್ಟಡದ ಒಂದು ಭಾಗ ಸ್ಫೋಟದಲ್ಲಿ ಹಾರಿಹೋಯಿತು. ಈಗ ಉಳಿದಿರುವುದು ಒಂದೇ ಮಿನಾರು. ಅದರ ಮೇಲೆ ನೀಲಿ ಹಂಚಿನ ತುಣುಕುಗಳು ಇನ್ನೂ ಹಿಡಿದುಕೊಂಡಿವೆ. ಮಗಳಿಗೆ ಆ ಪತ್ರದ ಕಥೆ ಅಲ್ಲೇ ನಿಂತು ಹೇಳಿ.

ನೌಬಾದಿನ ಹುಡುಗಿ:
ಬಿಡಲಿಲ್ಲ ಮೇಷ್ಟರೇ, ನಿಮಗಾಗಿ ಉಳಿಸಿದ್ದೆ. ಮದರಸಾದಿಂದ ಚೌಬಾರ ಎಂಬ ಹಳೆಯ ಕಾವಲು ಗೋಪುರ ನಡೆದು ಹೋಗುವಷ್ಟು ಹತ್ತಿರ, ಆ ಸುತ್ತಿನಲ್ಲೇ ಬಿದರಿ ಕೆಲಸದ ಅಂಗಡಿಗಳಿವೆ. ಕೊಳ್ಳದಿದ್ದರೂ ಪರವಾಗಿಲ್ಲ, ಕುಳಿತು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಬಳ್ಳಿ ಕೊರೆಯುತ್ತಾರೆ, ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಅಲ್ಲಿಯವರೆಗೂ ಎಲ್ಲವೂ ಬೂದು ಬಣ್ಣ, ಬೆಳ್ಳಿ ಎಲ್ಲಿದೆ ಎಂದು ತಿಳಿಯುವುದಿಲ್ಲ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದಿ ಉಜ್ಜುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಮಣ್ಣು ಬೇಕೆಂದರೆ ಬಿಸಿಲು, ಮಳೆ ಕಾಣದ ಗೋಡೆಯ ಸಂದಿಯಿಂದ ತರಬೇಕು. ಕೆಲಸಗಾರರು ಅದನ್ನು ನಾಲಿಗೆಗೆ ಇಟ್ಟು ರುಚಿ ನೋಡಿ ಆರಿಸುತ್ತಾರೆ.

ತೊಗರಿ ಕಣಜ:
ಬೀದರಿಗೆ ಎರಡು ದಿನ, ಬಾದಾಮಿಗೆ ನಾಲ್ಕು ದಿನ, ವಿಜಯಪುರಕ್ಕೆ ಜಾತ್ರೆ. ಕಲಬುರಗಿಗೆ ಏನು? ರೈಲು ಬದಲಿಸುವ ನಿಲ್ದಾಣವೇ? ನಾನು ಕಲಬುರಗಿಯವನು, ನನಗೂ ಮಾತನಾಡಲು ಹಕ್ಕಿದೆ.

ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಮಸೀದಿ ಎಂದರೆ ನಡುವೆ ಬಯಲಂಗಳ ಇರಲೇಬೇಕು ಎಂದು ತಿಳಿದವರು ಇಲ್ಲಿಗೆ ಬರಬೇಕು. ಅಂಗಳವೇ ಇಲ್ಲ, ಇಡೀ ಮಸೀದಿಗೆ ಮೇಲ್ಛಾವಣಿ, ಮೇಲೆ ಸಾಲುಸಾಲು ಸಣ್ಣ ಗುಮ್ಮಟಗಳು. ಒಳಗೆ ಬಿಳಿ ಕಮಾನುಗಳು ಒಂದರೊಳಗೊಂದು ಹೊಕ್ಕಂತೆ ದೂರದವರೆಗೆ ಹೋಗುತ್ತವೆ. ಮೇ ತಿಂಗಳ ನಮ್ಮ ಬಿಸಿಲಿನಲ್ಲೂ ಆ ಕಲ್ಲಿನ ನೆಲ ತಣ್ಣಗಿರುತ್ತದೆ. ಒಂದು ಮೆಟ್ಟಿಲ ಕಷ್ಟವೂ ಇಲ್ಲ, ಅಪ್ಪನವರನ್ನು ಅಲ್ಲಿ ಕೂರಿಸಿ ಕಮಾನು ಎಣಿಸಲು ಹೇಳಿ. ಆಮೇಲೆ ಬಹಮನಿ ಅರಸರ ಸಮಾಧಿಗಳಿರುವ ಹಫ್ತ್ ಗುಂಬಜ್, ಅದರಲ್ಲಿ ಸುಲ್ತಾನ ಫಿರೋಜ್ ಶಾಹನ ಸಮಾಧಿಯೇ ದೊಡ್ಡದು. ಅದರ ಹತ್ತಿರವೇ ಸೂಫಿ ಸಂತ ಖ್ವಾಜಾ ಬಂದೇ ನವಾಜರ ದರ್ಗಾ. 1422ರಲ್ಲಿ ಅವರೂ ತೀರಿಕೊಂಡರು, ಫಿರೋಜನೂ ತೀರಿಕೊಂಡ. ಇಬ್ಬರಿಗೂ ಕೊನೆಗಾಲದಲ್ಲಿ ಆಗಿಬರುತ್ತಿರಲಿಲ್ಲ. ಈಗ ಒಬ್ಬನ ಸಮಾಧಿಯಲ್ಲಿ ಪಾರಿವಾಳ, ಇನ್ನೊಬ್ಬರಲ್ಲಿ ದಿನವಿಡೀ ಜನ. ತಲೆಗೆ ಹೊದೆಯಲು ವಸ್ತ್ರ ಇಟ್ಟುಕೊಂಡಿರಿ. ಸಂಜೆ ಶರಣಬಸವೇಶ್ವರ ಗುಡಿ, ಕೆರೆಯ ದಂಡೆ.

ಊಟಕ್ಕೆ ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ನಮ್ಮ ತೊಗರಿಬೇಳೆಯ ಪಪ್ಪು. ನಮ್ಮ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಸುಮ್ಮನೆ ಹೇಳುತ್ತಿಲ್ಲ. ದಾರಿಯ ಕಮಲಾಪುರದ ಕೆಂಪು ಬಾಳೆಗೂ ಸಿಕ್ಕಿದೆ.

ಮೂರೂ ಮುಗಿಸಿದವನು:
ಪಾರಿವಾಳ ಎಂದಿರಲ್ಲ! ನನ್ನ ಫೋಟೊದಲ್ಲಿ ಹಿಂದೆ ಪಾರಿವಾಳಗಳಿವೆ. ಹಾಗಾದರೆ ಅದು ಕಲಬುರಗಿ.

ನೌಬಾದಿನ ಹುಡುಗಿ:
ಅಣ್ಣ, ಪಾರಿವಾಳ ನಮ್ಮಲ್ಲೂ ಇವೆ.

ರಾಗಿಗುಡ್ಡ:
ಎಲ್ಲವನ್ನೂ ಓದಿ ತೀರ್ಮಾನಿಸಿದ್ದೇವೆ. ಗುರುವಾರ ರಾತ್ರಿ ಬೀದರ್ ರೈಲು. ಶುಕ್ರವಾರ ಕೋಟೆ, ಶನಿವಾರ ಬೆಳಗ್ಗೆ ಅಷ್ಟೂರು, ಆಮೇಲೆ ಮದರಸಾ, ಬಿದರಿ. ಸಂಜೆ ಕಾರಿನಲ್ಲಿ ಕಲಬುರಗಿ. ಭಾನುವಾರ ಕಲಬುರಗಿ ನೋಡಿ ರಾತ್ರಿ ಹಾಸನದ ಗಾಡಿಗೆ ಬೆಂಗಳೂರು. ನಡುವೆ ಬಸವಕಲ್ಯಾಣಕ್ಕೂ ಹೋಗಿಬರಬಹುದೇ ಎಂದು ನೋಡಿದೆ, ಬೀದರಿನಿಂದ 80 ಕಿ.ಮೀ. ಎನ್ನುತ್ತಿದ್ದಾರೆ.

ನಿವೃತ್ತ ಮೇಷ್ಟರು:
ಕಲ್ಯಾಣ ಚಾಲುಕ್ಯರ ರಾಜಧಾನಿ, ಶರಣರ ಊರು. ಅದಕ್ಕೂ ಹಾಜರಿ ಹಾಕಲು ಹೊರಟಿರಾ? ನಿಮ್ಮ ಮನೆಯವರ ಮಾತು ನೆನಪಿಸಿಕೊಳ್ಳಿ.

ರಾಗಿಗುಡ್ಡ:
ಬಸವಕಲ್ಯಾಣ ಬಿಟ್ಟೆ.

ರಾಗಿಗುಡ್ಡ:
ಹೋಗಿ ಬಂದು ಹತ್ತು ದಿನವಾಯಿತು. ಕೇಳಿ ಬರೆಸಿಕೊಂಡ ಮೇಲೆ ವರದಿ ಒಪ್ಪಿಸಬೇಕು.

ಮೊದಲ ದಿನ ರಂಗೀನ್ ಮಹಲಿಗೆ ಬೀಗವಿತ್ತು. ನಮ್ಮ ಮುಂದೆ ಇದ್ದ ಒಂದು ಕುಟುಂಬ ಬೀಗ ನೋಡಿ ತಿರುಗಿ ಹೋಯಿತು. ನಾನು ಕಚೇರಿಯವರನ್ನು ಕೇಳಿದೆ, ಹದಿನೈದು ನಿಮಿಷ ಕಾದ ಮೇಲೆ ಕೀಲಿ ಹಿಡಿದು ಒಬ್ಬರು ಬಂದರು. ಮಗಳು ಚಿಪ್ಪಿನ ಬಾಗಿಲ ಮುಂದೆ ಎಡಕ್ಕೂ ಬಲಕ್ಕೂ ಎಷ್ಟು ಸಲ ಸರಿದಾಡಿದಳೆಂದರೆ ಕೀಲಿಯವರೂ ಅವಳ ಜೊತೆ ಸರಿದಾಡತೊಡಗಿದರು. "ಇಪ್ಪತ್ತು ವರ್ಷದಿಂದ ಬಾಗಿಲು ತೆಗೆಯುತ್ತಿದ್ದೇನೆ, ಹೀಗೆ ನೋಡಿರಲಿಲ್ಲ" ಎಂದರು. ಮೇಲೆ ಮರದ ಕಂಬಗಳ ಕೆತ್ತನೆಗೆ ಅಪ್ಪ ಕೈ ಸವರುತ್ತ ಕುಳಿತುಬಿಟ್ಟರು. ಅಲ್ಲಿಗೆ ಹತ್ತಲು ಮೆಟ್ಟಿಲಿತ್ತು. ಹತ್ತಿದ್ದು ಅವರಿಗೇ ನೆನಪಿರಲಿಲ್ಲ, ರಾತ್ರಿ ಮಂಡಿ ನೆನಪಿಸಿತು.

ಅಷ್ಟೂರಿನಲ್ಲಿ ನೀವು ಯಾರೂ ಹೇಳದ ಒಂದು ಸಮಾಧಿ ಇದೆ, ಬಹಮನಿ ಸುಲ್ತಾನ ಹುಮಾಯೂನನದು. ಸಿಡಿಲು ಬಡಿದು ಗುಮ್ಮಟದ ಅರ್ಧ ಬಿದ್ದುಹೋಗಿದೆ. ಉಳಿದ ಅರ್ಧ ಕುಯ್ದ ತೆಂಗಿನಕಾಯಿಯಂತೆ ನಿಂತಿದೆ, ಒಳಗಿನ ಪದರಗಳೆಲ್ಲ ಬಯಲಾಗಿವೆ. ನಾವೆಲ್ಲ ಚಿತ್ರಗಳಿರುವ ಸಮಾಧಿಗೆ ಹೋದೆವು, ಅಪ್ಪ ಇದರ ಮುಂದೆ ಕಲ್ಲಿನ ಮೇಲೆ ಕುಳಿತರು. ಮುಕ್ಕಾಲು ಗಂಟೆ. ಇಟ್ಟಿಗೆ ಎಲ್ಲಿಂದ ಎಲ್ಲಿಗೆ, ಗಾರೆಯ ದಪ್ಪ ಎಷ್ಟು, ಗೋಡೆ ಎಲ್ಲಿ ಒಳಗೆ ಬಾಗಲು ಶುರುವಾಗುತ್ತದೆ ಎಂದು ಮೊಮ್ಮಗಳಿಂದ ನೋಟ್‌ಬುಕ್ ಕೇಳಿ ಪಡೆದು ಬರೆದುಕೊಂಡರು. "ಪೂರ್ತಿ ಇದ್ದಿದ್ದರೆ ಇದೇನೂ ಗೊತ್ತಾಗುತ್ತಿರಲಿಲ್ಲ" ಎಂದರು. ಅವಳ ಸಮಾಜ ಪಾಠದ ಪುಸ್ತಕದ ಹಿಂಬದಿಯಲ್ಲಿ ಈಗ ಒಂದು ಅರ್ಧ ಗುಮ್ಮಟದ ಅಡ್ಡಕೊಯ್ತ ಇದೆ, ಅಳತೆ ಸಹಿತ. ಶಾಲೆಯಲ್ಲಿ ಟೀಚರ್ ಏನೆನ್ನುತ್ತಾರೋ.

ಶನಿವಾರ ಸಂಜೆ ಗೊತ್ತುಮಾಡಿದ್ದ ಕಾರಿನವನು ಕೈಕೊಟ್ಟ. ಮುಂಗಡ ಪಡೆದವನು ಫೋನೇ ಎತ್ತಲಿಲ್ಲ. ಬಸ್ಸಿನಲ್ಲಿ ಹೊರಟೆವು. ಕಲಬುರಗಿ ಮುಟ್ಟುವಾಗ ತಡವಾಗಿತ್ತು, ಖಾನಾವಳಿ ಮುಚ್ಚಿತ್ತು, ಬಸ್ ನಿಲ್ಲಿಸಿದ ಕಡೆ ಕೊಂಡ ಕೆಂಪು ಬಾಳೆಹಣ್ಣೇ ರಾತ್ರಿಯ ಊಟ. ಭಾನುವಾರ ಎಲ್ಲರೂ ಎದ್ದದ್ದೇ ಒಂಬತ್ತಕ್ಕೆ. ಜಾಮಾ ಮಸೀದಿ, ಹಫ್ತ್ ಗುಂಬಜ್, ದರ್ಗಾ ನೋಡಿದೆವು. ಶರಣಬಸವೇಶ್ವರ ಗುಡಿಗೆ ಹೋಗಲಾಗಲಿಲ್ಲ. ರೊಟ್ಟಿ ಮಾತ್ರ ಬಿಡಲಿಲ್ಲ.

ಕಿಟಕಿ ಪಕ್ಕದ ಸೀಟು:
ಬಸ್ಸು! ರೈಲು ಇರುವಾಗ ಬಸ್ಸು! ಆ ಸುರಂಗ ನೋಡಲೆಂದೇ ಜನ ಹೋಗುತ್ತಾರೆ ಸ್ವಾಮಿ.

ತೊಗರಿ ಕಣಜ:
ಅಂದರೆ ಲೆಕ್ಕಕ್ಕೆ ಕಲಬುರಗಿಗೆ ಸಿಕ್ಕಿದ್ದು ಒಂದು ಹಗಲೂ ಅಲ್ಲ. ಬೀದರಿನವರು ಗೆದ್ದರು. ಹೋಗಲಿ, ಮಸೀದಿಯಲ್ಲಿ ಅಪ್ಪನವರು ಕಮಾನು ಎಣಿಸಿದರೇ?

ರಾಗಿಗುಡ್ಡ:
ಎಣಿಸಿದರು. ಮೂರು ಸಲ ಎಣಿಸಿದರು, ಮೂರು ಸಲವೂ ಬೇರೆ ಬೇರೆ ಸಂಖ್ಯೆ ಬಂತು. ಮತ್ತೊಮ್ಮೆ ಹೋಗಬೇಕು ಎನ್ನುತ್ತಿದ್ದಾರೆ. ನಾನು ಸಂಕ್ರಾಂತಿಗೆ ವಿಜಯಪುರದ ಟಿಕೆಟ್ ಮಾಡಿಸಿ ಆಗಿದೆ.

ತಾಜ್ ಬಾವಡಿ ಪಕ್ಕದ ಮನೆ:
ಎಷ್ಟು ದಿನಕ್ಕೆ?

ರಾಗಿಗುಡ್ಡ:
ಎರಡು.

ತಾಜ್ ಬಾವಡಿ ಪಕ್ಕದ ಮನೆ:
ಬೇಡ, ಇನ್ನೊಂದು ದಿನ ರಜೆ ಕೇಳಿ.